ಸಹಾಯಕನ ಕುರ್ಚಿಯಿಂದ ಸಾಕ್ಷಿಯ ಕುರ್ಚಿಗೆ

ಇಲಾಖಾ ವಿಚಾರಣೆಯ ದೋಷಾರೋಪಣೆ ಪತ್ರ ತಮ್ಮ ಕೈಗೆ ಬಂದ ಮೂರನೇ ದಿನ ಆಕೆ ನನ್ನನ್ನು ಹುಡುಕಿಕೊಂಡು ಬಂದರು. ನಮ್ಮದೇ ಪೊಲೀಸ್ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೆಬಲ್, ಹದಿನೆಂಟು ವರ್ಷದ ಸರ್ವೀಸು. ಆದರೂ ಠಾಣೆಯೊಳಗೆ ಬರಲಿಲ್ಲ. ಅಮಾನತಿನಲ್ಲಿರುವವರಿಗೆ ಸ್ವಂತ ಠಾಣೆಯ ಮೆಟ್ಟಿಲು ಹತ್ತುವುದು ಎಲ್ಲಕ್ಕಿಂತ ಕಷ್ಟ. ಬೊಮ್ಮನಹಳ್ಳಿ ಸಿಗ್ನಲ್ ದಾಟಿದ ಮೇಲೆ ಸಿಗುವ ಒಂದು ದರ್ಶಿನಿಗೆ ನನ್ನನ್ನು ಕರೆಸಿಕೊಂಡು, ನಿಂತು ಕಾಫಿ ಕುಡಿಯುವ ಮೇಜಿನ ಮೇಲೆ ಕಾಗದಗಳನ್ನು ಹರಡಿದರು. ಹಾರದಂತೆ ಒಂದು ಮೂಲೆಗೆ ಚಟ್ನಿ ಬಟ್ಟಲು, ಇನ್ನೊಂದು ಮೂಲೆಗೆ ಮೊಬೈಲು ಇಟ್ಟರು.

"ಅಣ್ಣ, ಲಾಯರ್ ಇಟ್ಕೊಳ್ಳೋ ಹಂಗಿಲ್ವಂತೆ. ಇಲಾಖೆಯೋರನ್ನೇ ಒಬ್ಬರನ್ನ ಸಹಾಯಕರಾಗಿ ಕರ್ಕೋಬೋದಂತೆ. ನೀವ್ ಬರ್ತೀರಾ?"

ನಾನು ಆಗ ಆ ಠಾಣೆಯ ರೈಟರ್. ದರ್ಜೆಯಲ್ಲಿ ನಾನೂ ಹೆಡ್ ಕಾನ್‌ಸ್ಟೆಬಲ್ಲೇ, ಆದರೆ ಕೆಲಸವೆಲ್ಲ ಕಾಗದದ ಮೇಲೆ. ಠಾಣೆಯಲ್ಲಿ ಯಾರು ಯಾವ ಹೊತ್ತಿಗೆ ಎಲ್ಲಿಗೆ ಹೋದರು ಎಂದು ದಿನಚರಿಯಲ್ಲಿ ಬರೆಯುವವನು, ಕರ್ತವ್ಯ ಹಂಚುವ ಪಟ್ಟಿ ಮಾಡುವವನು, ಸಾಹೇಬರ ಪತ್ರಗಳಿಗೆ ಉತ್ತರ ಬರೆಯುವವನು. ನನ್ನ ಅಕ್ಷರ ಚೆನ್ನಾಗಿದೆ ಎಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ನಿಯಮಗಳ ಪುಸ್ತಕ ಓದಿಕೊಂಡವನು ಎಂಬ ಹೆಸರೂ ಇತ್ತು. "ಬರ್ತೀನಿ ಕಣಮ್ಮ" ಎಂದೆ. ಇಷ್ಟು ಬೇಗ ಒಪ್ಪಿದೆನಲ್ಲ ಎಂದು ಆಕೆಗೇ ಆಶ್ಚರ್ಯವಾಯಿತು. ಬೇಗ ಒಪ್ಪಿದ್ದಕ್ಕೆ ಒಂದು ಕಾರಣವಿತ್ತು. ಅದನ್ನು ಆಕೆಗೆ ಹೇಳಲಿಲ್ಲ, ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ.

ಆರೋಪ ಇಷ್ಟು. ಬಸ್ಸುಗಳಲ್ಲಿ ಸರ ಕದಿಯುತ್ತಿದ್ದ ಹೆಂಗಸೊಬ್ಬಳನ್ನು ನಾವು ಹಿಡಿದಿದ್ದೆವು. ಹೊಟ್ಟೆನೋವು ಎಂದಳು, ಆಸ್ಪತ್ರೆಗೆ ಸೇರಿಸಿದೆವು. ಹೆಣ್ಣು ಆರೋಪಿಯಾದ್ದರಿಂದ ಕಾವಲಿಗೆ ಮಹಿಳಾ ಸಿಬ್ಬಂದಿಯೇ ಬೇಕು. ಪಟ್ಟಿಯಲ್ಲಿ ಈ ಹೆಡ್ ಕಾನ್‌ಸ್ಟೆಬಲ್ ಹೆಸರು ಹಾಕಿದವನು ನಾನೇ. ವಾರ್ಡಿನ ಬಾಗಿಲ ಹೊರಗೆ ಒಬ್ಬ ಕಾನ್‌ಸ್ಟೆಬಲ್ ಇದ್ದ. ಹೆಂಗಸರ ವಾರ್ಡು, ಅವನು ಒಳಗೆ ಹೋಗುವಂತಿಲ್ಲ. ಬೆಳಗ್ಗೆ ಹತ್ತೂವರೆಯ ಸುಮಾರಿಗೆ ಆಕೆ ಕಾವಲು ಬಿಟ್ಟು ಹೊರಟುಹೋದರು. ಆರೋಪಿ ಬಚ್ಚಲಿನ ಕಡೆಯ ಬಾಗಿಲಿನಿಂದ ಪರಾರಿಯಾದಳು. ನಾಲ್ಕನೇ ದಿನ ಅತ್ತಿಬೆಲೆ ಹತ್ತಿರ ಮತ್ತೆ ಸಿಕ್ಕಳು, ಆ ಮಾತು ಬೇರೆ. ಅನುಮತಿಯಿಲ್ಲದೆ ಕಾವಲು ತೊರೆದದ್ದು, ಅದರಿಂದ ಆರೋಪಿ ತಪ್ಪಿಸಿಕೊಂಡದ್ದು: ಸಾಬೀತಾದರೆ ಕೆಲಸದಿಂದ ವಜಾ ಮಾಡುವಷ್ಟು ದೊಡ್ಡ ಆರೋಪ.

ನಡೆದದ್ದು ಏನೆಂದರೆ, ಅದೇ ಹೊತ್ತಿಗೆ ಒಂದು ಗಾರ್ಮೆಂಟ್ ಫ್ಯಾಕ್ಟರಿಯ ಹೆಣ್ಣುಮಕ್ಕಳು ಕಂಪನಿ ಬಸ್ಸು ನಿಲ್ಲಿಸಿದ್ದಕ್ಕೆ ಸಿಟ್ಟಾಗಿ ಹೊಸೂರು ರಸ್ತೆಯಲ್ಲಿ ಕೂತುಬಿಟ್ಟಿದ್ದರು. ನಮ್ಮ ಕಡೆ ಇದು ಮಾಮೂಲು. ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದರೆ ಮಹಿಳಾ ಪೊಲೀಸರು ಎಲ್ಲಿದ್ದರೂ, ಯಾವ ಡ್ಯೂಟಿಯಲ್ಲಿದ್ದರೂ ಎಳೆದು ತರುತ್ತಾರೆ. ಬಾಯಿಮಾತಿನಲ್ಲಿ ಕರೆಯುತ್ತಾರೆ, ದಿನಚರಿಗೆ ಆಮೇಲೆ ಏರಿಸುತ್ತಾರೆ. ಆ ದಿನ ಇನ್ಸ್‌ಪೆಕ್ಟರ್ ಸಾಹೇಬರು ನನ್ನ ಮೇಜಿನ ಪಕ್ಕದಲ್ಲೇ ನಿಂತು ಫೋನ್ ಮಾಡಿದರು. "ಅಲ್ಲಿ ಬಿಟ್ಟು ಫ್ಯಾಕ್ಟರಿ ಗೇಟ್ ಹತ್ರ ಬಾರಮ್ಮ. ರಿಲೀಫ್ ಕಳಿಸ್ತೀನಿ, ನೀನು ಹೊರಡು ಮೊದ್ಲು." ಫೋನ್ ಇಟ್ಟು ನನ್ನ ಕಡೆ ತಿರುಗಿ, "ಡೈರೀಲಿ ಆಮೇಲೆ ಬರ್ಕೊಳ್ಳೋಣ ರೈಟ್ರೆ" ಎಂದು ಜೀಪು ಹತ್ತಿದರು. ರಿಲೀಫ್ ಹೋಗಲಿಲ್ಲ, ಕಳಿಸಲು ಇನ್ನೊಬ್ಬ ಮಹಿಳಾ ಸಿಬ್ಬಂದಿಯೇ ಠಾಣೆಯಲ್ಲಿರಲಿಲ್ಲ.

ಸಂಜೆ ಹೊತ್ತಿಗೆ ಆರೋಪಿ ಓಡಿಹೋದ ಸುದ್ದಿ ಮೇಲಿನವರೆಗೂ ಮುಟ್ಟಿತ್ತು. ದಿನಚರಿಯಲ್ಲಿ ಆ ಜಾಗ ಖಾಲಿಯಿತ್ತು. ಸಾಹೇಬರು ಬರೆಯಿರಿ ಎನ್ನಲಿಲ್ಲ, ನಾನೂ ಬರೆಯಲಿಲ್ಲ. ಈಗ ಬರೆದರೆ ತಿದ್ದಿದ ಹಾಗೆ ಕಾಣುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪ್ರಾಥಮಿಕ ವಿಚಾರಣೆಗೆ ಬಂದ ಅಧಿಕಾರಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಆಕೆ ಸ್ಥಳ ಬದಲಿಸಿದ್ದಕ್ಕೆ ದಿನಚರಿಯಲ್ಲಿ ನಮೂದು ಇದೆಯೇ? ಇಲ್ಲ ಎಂದೆ. ಅದು ನಿಜವೇ ಆಗಿತ್ತು. ಆ ಒಂದು ನಿಜದ ಹಿಂದೆ ನಾನು ತಿಂಗಳುಗಟ್ಟಲೆ ಅವಿತುಕೊಂಡೆ.

ಸಹಾಯಕನಾಗಲು ತಕ್ಷಣ ಒಪ್ಪಿದ್ದು ಇದಕ್ಕೇ. ಸಹಾಯಕನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಆಕೆಗೆ ಉಪಕಾರ ಮಾಡಿದ ಹಾಗೂ ಆಯಿತು, ನಾನು ಬಾಯಿ ಬಿಡದೆ ಉಳಿದ ಹಾಗೂ ಆಯಿತು. ಸಾಹೇಬರು ಫೋನ್ ಮಾಡಿದ್ದು ನನ್ನ ಪಕ್ಕದಲ್ಲಿ ನಿಂತು ಎಂಬುದು ಆಕೆಗೆ ಗೊತ್ತೇ ಇರಲಿಲ್ಲ.

ಕೆಲಸವನ್ನಂತೂ ಶ್ರದ್ಧೆಯಿಂದ ಶುರು ಮಾಡಿದೆ. ಒಬ್ಬ ಕಳ್ಳನನ್ನು ಹಿಡಿದರೆ ಅವನಿಗೆ ಏನು ಹೇಳಬೇಕು, ಅವನ ಮನೆಯವರಿಗೆ ಯಾವಾಗ ತಿಳಿಸಬೇಕು ಎಂಬುದೆಲ್ಲ ನಮಗೆ ಬಾಯಿಪಾಠ. ನಮ್ಮ ಮೇಲೇ ವಿಚಾರಣೆ ಬಂದರೆ ನಮಗೇನು ಹಕ್ಕಿದೆ ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತೇವೆ. ನಾನು ಆಕೆಗೆ ಒಂದೊಂದಾಗಿ ಬಿಡಿಸಿ ಹೇಳಿದೆ. ಆರೋಪ ಏನೆಂದು ಬರವಣಿಗೆಯಲ್ಲಿ ಕೊಡಬೇಕು. ಯಾವ ದಾಖಲೆ ನಂಬಿಕೊಂಡು ಆರೋಪ ಮಾಡಿದ್ದಾರೋ ಅದರ ಪ್ರತಿ ಕೊಡಬೇಕು. ಅವರ ಸಾಕ್ಷಿಗಳನ್ನು ನಿಮ್ಮ ಎದುರಿಗೇ ವಿಚಾರಿಸಬೇಕು, ನಿಮಗೆ ಪಾಟೀ ಸವಾಲು ಮಾಡಲು ಬಿಡಬೇಕು. ನಿಮ್ಮ ಕಡೆಯ ಸಾಕ್ಷಿಗಳನ್ನು ಕೇಳಬೇಕು. ಆಕೆ ಒಂದು ಶಾಲೆಯ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡರು.

"ಇಷ್ಟೆಲ್ಲ ಐತಾ ಅಣ್ಣ ನಮ್ಗೆ?"

"ಐತೆ ಕಣಮ್ಮ. ಕೇಳಿದೋರಿಗೆ ಐತೆ."

ವಿಚಾರಣೆ ನಡೆದದ್ದು ವೈಟ್‌ಫೀಲ್ಡ್ ಕಡೆಯ ಒಂದು ಎಸಿಪಿ ಕಚೇರಿಯಲ್ಲಿ. ವಿಚಾರಣಾಧಿಕಾರಿಗಳು ಬೇರೆ ವಿಭಾಗದವರು, ಮಿತಭಾಷಿ. ಇಲಾಖೆಯ ಪರವಾಗಿ ಮಂಡಿಸಲು ಇನ್ನೊಂದು ಠಾಣೆಯ ಇನ್ಸ್‌ಪೆಕ್ಟರ್ ಒಬ್ಬರನ್ನು ಮಂಡನಾಧಿಕಾರಿಯಾಗಿ ನೇಮಿಸಿದ್ದರು. ಮೊದಲ ದಿನ ಆರೋಪ ಓದಿದರು, ಆಕೆ ನಿರಾಕರಿಸಿದರು. ಆ ದಿನ ಕಂಟ್ರೋಲ್ ರೂಮಿಗೆ ಹೋದ ವೈರ್‌ಲೆಸ್ ಮಾತುಗಳ ದಾಖಲೆ ಬೇಕೆಂದು ನಾನು ಅರ್ಜಿ ಕೊಟ್ಟೆ. ಸಾಹೇಬರು ಗೇಟಿನಿಂದ ಆಕೆಯ ಹೆಸರು ಹೇಳಿದ್ದರೆ ಅದರಲ್ಲಿರುತ್ತದೆ ಎಂಬ ಆಸೆ. ಲಭ್ಯವಿಲ್ಲ ಎಂದು ಉತ್ತರ ಬಂತು. ವಾರ್ಡಿನ ಬಾಗಿಲಿನ ಕಾನ್‌ಸ್ಟೆಬಲ್ಲು "ಹೇಳದೆ ಹೋದರು" ಎಂದು ಹೇಳಿಕೆ ಕೊಟ್ಟಿದ್ದ. ಅವನಿಗೂ ಭಯ, ಪಾಪ. ಫೋನ್ ಕರೆಯ ವಿವರ ತೆಗೆಸಿದೆವು. ಸಾಹೇಬರಿಂದ ಒಂದು ನಿಮಿಷದೊಳಗಿನ ಕರೆ ಬಂದಿತ್ತು. ಆದರೆ ಅವರು ಪ್ರಾಥಮಿಕ ಹೇಳಿಕೆಯಲ್ಲೇ, ಆರೋಪಿಯ ಆರೋಗ್ಯ ವಿಚಾರಿಸಲು ಫೋನ್ ಮಾಡಿದ್ದೆ ಎಂದಿದ್ದರು. ಬರೀ ಕರೆಯ ಪಟ್ಟಿ ಇಟ್ಟುಕೊಂಡು ಏನು ಮಾತಾಡಿದರು ಎಂದು ತೋರಿಸುವುದು ಹೇಗೆ?

ಇದರ ನಡುವೆ ಒಂದು ಮಧ್ಯಾಹ್ನ ಮಂಡನಾಧಿಕಾರಿ ಕಾರಿಡಾರಿನಲ್ಲಿ ನಮ್ಮನ್ನು ನಿಲ್ಲಿಸಿದರು. ಕೆಟ್ಟವರಲ್ಲ, ಒಳ್ಳೆಯದಾಗಲಿ ಎಂದೇ ಹೇಳಿದರು. "ಒಪ್ಕೊಂಡ್ಬಿಡಮ್ಮ. ಒಂದು ಇಂಕ್ರಿಮೆಂಟ್ ಕಟ್ ಮಾಡ್ತಾರೆ, ಮುಗೀತು. ಯಾಕೆ ಎಳೆದಾಡ್ತೀಯ?"

"ಅಷ್ಟೇ ಮಾಡ್ತೀವಿ ಅಂತ ಬರ್ದು ಕೊಡ್ತಾರಾ ಸಾರ್?"

ಅವರು ನಕ್ಕು ಹೋದರು. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನನಗಿಂತ ಈಕೆಯೇ ವಾಸಿ ಎಂದು ಅಂದೇ ಅನ್ನಿಸಿತು.

ಮೊದಲ ಸಾಕ್ಷಿಯ ದಿನ ಗೊತ್ತಾದ ಮೇಲೆ ದಾಖಲೆಗಳ ಪ್ರತಿಗಳನ್ನು ಮನೆಗೆ ತಂದು ಓದುತ್ತಾ ಕೂತೆ. ಆರನೆಯ ದಾಖಲೆ ಆಕೆಯೇ ಕೊಟ್ಟ ಸಮಜಾಯಿಷಿ. ಆರೋಪಿ ಪರಾರಿಯಾದ ಮಾರನೇ ದಿನ ಎಸಿಪಿ ಕಚೇರಿಯಿಂದ ಮೆಮೊ ಬಂದಿತ್ತು, ಅದಕ್ಕೆ ಉತ್ತರ. ಕೊನೆಯ ಸಾಲು ಹೀಗಿತ್ತು: "ಅಚಾತುರ್ಯದಿಂದ ನನ್ನಿಂದ ತಪ್ಪಾಗಿದ್ದು, ಮುಂದೆ ಇಂತಹ ತಪ್ಪು ಮರುಕಳಿಸದಂತೆ ನಡೆದುಕೊಳ್ಳುತ್ತೇನೆ, ಇದೊಂದು ಬಾರಿ ಮನ್ನಿಸಬೇಕಾಗಿ ಪ್ರಾರ್ಥನೆ." ಕೆಳಗೆ ಆಕೆಯ ಸಹಿ. ಇಲಾಖೆಯ ಕೈಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷ್ಯ ಇರಲಿಲ್ಲ. ಆ ಸಾಲು ಬರೆದವನು ನಾನು.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಮೆಮೊ ಬಂದರೆ ಸಿಬ್ಬಂದಿ ಸೀದಾ ರೈಟರ್ ಹತ್ತಿರ ಬರುತ್ತಾರೆ. ರೈಟರ್ ಕಂಪ್ಯೂಟರಿನಲ್ಲಿ ಒಂದು ಸಿದ್ಧ ಉತ್ತರ ಇರುತ್ತದೆ. ಹೆಸರು, ನಂಬರು, ತಾರೀಕು ಬದಲಿಸಿ ಕೈಗೆ ಕೊಟ್ಟರೆ ಅವರು ಓದದೆ ಸಹಿ ಹಾಕುತ್ತಾರೆ. ರಜೆಯಿಂದ ಒಂದು ದಿನ ತಡವಾಗಿ ಬಂದವನೂ ಅದನ್ನೇ ಕೊಡುತ್ತಾನೆ, ಕವಾಯತಿಗೆ ಬೂಟು ಪಾಲಿಶ್ ಮಾಡದೆ ಬಂದವನೂ ಅದನ್ನೇ ಕೊಡುತ್ತಾನೆ. ಸಾಹೇಬರು ಓದಿ, ಬೈದು, ಫೈಲಿಗೆ ಹಾಕುತ್ತಾರೆ. ವಾದ ಮಾಡಿದರೆ ಹೆಚ್ಚು ಬೈಗುಳ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಯಾವ ಮೆಮೊ ಎಂದು ನೋಡದೆ, ಕೆಲಸ ಹೋಗುವಂಥ ಮೆಮೊಗೂ ನಾನು ಅದೇ ಉತ್ತರ ಹೊಡೆದು ಕೊಟ್ಟಿದ್ದೆ.

ನಾಚಿಕೆಯಾಯಿತು. ದಿನಚರಿಯಲ್ಲಿ ಬರೆಯಬೇಕಾದ್ದನ್ನು ಬರೆಯಲಿಲ್ಲ, ಬರೆಯಬಾರದ್ದನ್ನು ಬರೆದುಕೊಟ್ಟೆ. ಇನ್ನೂ ಸಹಾಯಕನ ಕುರ್ಚಿಯಲ್ಲಿ ಕೂತು ಆಕೆಯ ಪರ ವಾದಿಸುವುದೆಂದರೆ ಕಳ್ಳನೇ ಪಂಚನಾಮೆಗೆ ಸಹಿ ಹಾಕಿದ ಹಾಗೆ. ಈ ಎರಡೂ ಸಂಗತಿ ಹೇಳಬಲ್ಲವನು ನಾನೊಬ್ಬನೇ, ಅದನ್ನು ಸಾಕ್ಷಿಯಾಗಿ ಹೇಳಬೇಕು. ಸಾಕ್ಷಿಯಾಗಬೇಕಾದರೆ ಉಳಿದವರ ಸಾಕ್ಷ್ಯ ಕೇಳುತ್ತಾ ಒಳಗೆ ಕೂರಬಾರದು. ಅಂದರೆ ಮೊದಲ ಸಾಕ್ಷಿ ಬರುವ ಮುಂಚೆಯೇ ಎದ್ದು ಹೊರಗೆ ಹೋಗಬೇಕು. ಮಾರನೇ ದಿನ ಅದೇ ದರ್ಶಿನಿಯಲ್ಲಿ ಎಲ್ಲವನ್ನೂ ಆಕೆಗೆ ಹೇಳಿದೆ.

ಆಕೆ ಆನೇಕಲ್ ಕಡೆಯ ಹಳ್ಳಿಯವರು, ಸಿಟ್ಟು ಬಂದರೆ ಊರಿನ ಮಾತು ಹೊರಬರುತ್ತದೆ.

"ಎಲ್ಲ ಕೇಳಿಸ್ಕೊಂಡು ಸುಮ್ಕಿದ್ರಾ ಅಣ್ಣ? ಇಷ್ಟು ತಿಂಗ್ಳು? ಇಂಗ್ ಮಾಡ್ಬೋದಾ ನೀವು?"

"ತಪ್ಪು ನಂದೇ ಕಣಮ್ಮ."

"ನನ್ ಗಂಡ ಜಿಗಣೀಲಿ ಲೇತ್ ಓಡಿಸ್ತಾರೆ. ದಿನಾ ಸಂಜೆ ಬಂದು ಕೇಳ್ತಾರೆ, ನಿಜ್ವಾಗ್ಲೂ ಸಾಹೇಬ್ರು ಕರೆದಿದ್ರಾ ಅಂತ. ಅವರಿಗೇ ಅನುಮಾನ ಬಂದೈತೆ. ಅಂಗೆ ಕೇಳ್ದಾಗೆಲ್ಲ ನಂಗೇನಾಯ್ತದೆ ಗೊತ್ತಾ?"

ಆಕೆ ಕಾಫಿ ಮುಟ್ಟದೆ ಹೊರಟುಹೋದರು. ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಅವರೇ ಮಾಡಿದರು. "ಆ ಹೊರಗ್ ಹೋಗೋ ಅರ್ಜಿ ಬರೀರಿ. ಈ ಸಲ ಓದಿ ಸೈನ್ ಹಾಕ್ತೀನಿ" ಎಂದರು.

ಅರ್ಜಿ ನೋಡಿದ ವಿಚಾರಣಾಧಿಕಾರಿಗಳು ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು. "ಇದರ ಪರಿಣಾಮ ಗೊತ್ತಿದೆ ತಾನೆ?" ಗೊತ್ತಿದೆ ಎಂದೆ. ಆಕೆಯ ಕಡೆ ತಿರುಗಿ, ಬೇರೆ ಸಹಾಯಕರನ್ನು ನೇಮಿಸಿಕೊಳ್ಳಲು ಸಮಯ ಕೊಡುತ್ತೇನೆ ಎಂದರು.

"ಬೇಡ ಸಾರ್. ನಾನೇ ಕೇಳ್ತೀನಿ."

ಇಲಾಖೆಯ ಸಾಕ್ಷಿಗಳಲ್ಲಿ ದೊಡ್ಡವರು ಇನ್ಸ್‌ಪೆಕ್ಟರ್ ಸಾಹೇಬರೇ. ನಿತ್ಯ ಸೆಲ್ಯೂಟ್ ಹೊಡೆದ ಅಧಿಕಾರಿಯನ್ನು ಒಬ್ಬ ಹೆಡ್ ಕಾನ್‌ಸ್ಟೆಬಲ್ ಎದುರು ನಿಂತು ಪಾಟೀ ಸವಾಲು ಮಾಡಿದ್ದನ್ನು ನಾನು ಕಂಡಿರಲಿಲ್ಲ. ನಾನು ಹೇಳಿಕೊಟ್ಟದ್ದು ಎರಡೇ ಮಾತು. ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ ಇರಲಿ, ಯಾಕೆ ಎಂಬ ಪ್ರಶ್ನೆ ಸಾಹೇಬರಿಗೆ ಹಾಕಬೇಡಿ. ಉಳಿದದ್ದನ್ನು ಆಕೆಯೇ ಆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಸಾಹೇಬರ ಸಾಕ್ಷ್ಯದ ದಿನ ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಮುಚ್ಚಿದ ಬಾಗಿಲು, ಒಳಗೆ ಕೀಲಿಮಣೆಯ ಸದ್ದು ಮಾತ್ರ. ಒಂದು ಗಂಟೆಯ ಮೇಲೆ ಸಾಹೇಬರು ಹೊರಬಂದರು, ನನ್ನನ್ನು ನೋಡಿಯೂ ನೋಡದವರಂತೆ ಹೋದರು. ಹಿಂದೆಯೇ ಆಕೆ ಬಂದರು, ಸಾದಾ ಚೂಡಿದಾರಿನಲ್ಲಿ, ಮುಖವೆಲ್ಲ ಬೆವರು. ಏನಾಯಿತು ಎಂದು ಕೇಳಲು ಬಾಯಿ ತೆರೆದೆ.

"ಕೇಳ್ಬೇಡಿ ಅಣ್ಣ. ನೀವು ಸಾಕ್ಷಿ. ನಾನು ಹೇಳಂಗಿಲ್ಲ."

ನಿಯಮ ಹೇಳಿಕೊಟ್ಟವನಿಗೇ ನಿಯಮ! ನಗುವೂ ಬಂತು, ಹೆಮ್ಮೆಯೂ ಆಯಿತು. ಸಾಕ್ಷ್ಯದ ಪ್ರತಿಯನ್ನು ನಾನು ಓದಿದ್ದು ನನ್ನ ಸರದಿ ಮುಗಿದ ಮೇಲೆ.

ನನ್ನ ಸರದಿ ಎರಡು ವಾರದ ನಂತರ ಬಂತು. ಫೋನಿನ ಮಾತು ಹೇಳಿದೆ, "ಆಮೇಲೆ ಬರ್ಕೊಳ್ಳೋಣ" ಎಂಬುದನ್ನೂ ಹೇಳಿದೆ. ಸಮಜಾಯಿಷಿ ಬರೆದವನು ನಾನು ಎಂದು ಹೇಳಿ, ಕಚೇರಿಗೆ ಅರ್ಜಿ ಹಾಕಿ ಪಡೆದಿದ್ದ ಹನ್ನೊಂದು ಮಂದಿಯ ಹಳೆಯ ಉತ್ತರಗಳ ಪ್ರತಿಗಳನ್ನು ಮೇಜಿನ ಮೇಲಿಟ್ಟೆ. ಹನ್ನೊಂದು ಬೇರೆ ಬೇರೆ ತಪ್ಪು, ಕೊನೆಯ ಸಾಲು ಮಾತ್ರ ಒಂದೇ, ಅಲ್ಪವಿರಾಮವೂ ಬದಲಾಗಿಲ್ಲ. ವಿಚಾರಣಾಧಿಕಾರಿಗಳು ಒಂದೊಂದನ್ನೂ ಓದಿದರು. ಮಂಡನಾಧಿಕಾರಿ ಎದ್ದು ನಿಂತರು.

"ಇದನ್ನೆಲ್ಲ ಪ್ರಾಥಮಿಕ ವಿಚಾರಣೇಲಿ ಯಾಕೆ ಹೇಳಲಿಲ್ಲ?"

"ಕೇಳಲಿಲ್ಲ ಸಾರ್. ಕೇಳ್ದೆ ಇದ್ರೂ ಹೇಳ್ಬೇಕಿತ್ತು. ಹೆದರ್ಕೊಂಡೆ."

ಟೈಪಿಸ್ಟ್ ಕೈ ನಿಲ್ಲಿಸಿ ವಿಚಾರಣಾಧಿಕಾರಿಗಳ ಮುಖ ನೋಡಿದಳು. "ಹೆದರಿದೆ ಅಂತಾನೇ ಹಾಕಲಾ ಸಾರ್?"

"ಹಾಗೇ ಹಾಕಿ" ಎಂದರು.

ನನ್ನ ಅಷ್ಟು ವರ್ಷದ ನೌಕರಿಯಲ್ಲಿ ಸಾವಿರ ಹೇಳಿಕೆ ಬರೆದಿದ್ದೇನೆ, ಸಹಿ ಹಾಕುವ ಮುಂಚೆ ಎರಡು ಸಲ ಓದಿದ್ದು ಇದೊಂದನ್ನೇ.

ಆ ಸಂಜೆ ಸಾಹೇಬರ ಸಾಕ್ಷ್ಯದ ಪ್ರತಿ ಓದಿದೆ. ಆಕೆ ಮೊದಲು ಕೇಳಿದ್ದು ಆ ದಿನ ಠಾಣೆಯಲ್ಲಿ ಮಹಿಳಾ ಸಿಬ್ಬಂದಿ ಎಷ್ಟು ಎಂದು. ನಾಲ್ವರು. ಅವರಲ್ಲಿ ಒಬ್ಬರು ಹೆರಿಗೆ ರಜೆ, ಒಬ್ಬರು ಕೋರ್ಟು, ಒಬ್ಬರು ವಾರದ ರಜೆ, ಸರಿಯೇ? ಸರಿ. ಆಮೇಲಿನದನ್ನು ಇದ್ದ ಹಾಗೆಯೇ ಕೊಡುತ್ತೇನೆ.

"ನಾನು ಫ್ಯಾಕ್ಟರಿ ಗೇಟಿಗೆ ಬಂದಾಗ ತಾವು ಅಲ್ಲಿ ಇದ್ದಿರಾ?" "ಇದ್ದೆ." "ನನ್ನನ್ನು ನೋಡಿದಿರಾ?" "ನೋಡಿದೆ." "ಆರೋಪಿಯ ಕಾವಲಿಗೆ ನನ್ನನ್ನು ಹಾಕಿದ್ದು ತಮಗೆ ಗೊತ್ತಿತ್ತೇ?" "ಗೊತ್ತಿತ್ತು." "ಕಾವಲು ಬಿಟ್ಟು ಏಕೆ ಬಂದೆ ಎಂದು ನನ್ನನ್ನು ಕೇಳಿದಿರಾ?" "ಇಲ್ಲ." "ಹಿಂದಕ್ಕೆ ಹೋಗು ಎಂದಿರಾ?" "ಇಲ್ಲ." "ಎಷ್ಟು ಹೊತ್ತು ನನ್ನನ್ನು ಅಲ್ಲಿ ಕೆಲಸಕ್ಕೆ ಇಟ್ಟುಕೊಂಡಿರಿ?" "ಸುಮಾರು ಎರಡು ಗಂಟೆ."

ಮುಂದೆ ಪ್ರಶ್ನೆಗಳಿಲ್ಲ ಎಂದಿತ್ತು. ನಾನು ಆ ಪುಟವನ್ನು ನಾಲ್ಕೈದು ಸಲ ಓದಿದೆ. ನಾನು ಒಳಗಿದ್ದಿದ್ದರೆ ಇನ್ನೂ ಹತ್ತು ಪ್ರಶ್ನೆ ಕೇಳಿಸಿ ಕೆಡಿಸಿಬಿಡುತ್ತಿದ್ದೆ. ಆ ದಿನ ಸಾಹೇಬರ ಮೇಲೂ ಮೇಲಿನವರ ಒತ್ತಡವಿತ್ತು, ರಸ್ತೆ ಬಿಡಿಸದಿದ್ದರೆ ಅವರ ತಲೆದಂಡವಾಗುತ್ತಿತ್ತು, ಅದೂ ಸುಳ್ಳಲ್ಲ. ಆದರೆ ಆ ಒತ್ತಡಕ್ಕೆ ಈಕೆ ತನ್ನ ಕೆಲಸ ತೆರಬೇಕಾಗಿರಲಿಲ್ಲ.

ಆದೇಶ ಬರಲು ತಿಂಗಳುಗಳೇ ಹಿಡಿದವು. ಆರೋಪ ಸಾಬೀತಾಗಿಲ್ಲ, ಅಮಾನತು ತೆರವು, ಅಮಾನತಿನ ಅವಧಿಯನ್ನು ಕರ್ತವ್ಯವೆಂದೇ ಪರಿಗಣಿಸತಕ್ಕದ್ದು. ಆಕೆ ಮತ್ತೆ ಯೂನಿಫಾರ್ಮ್ ಹಾಕಿ ಠಾಣೆಗೆ ಬಂದ ಬೆಳಗ್ಗೆ ಎಲ್ಲರೂ ಎದ್ದು ನಿಂತೆವು. ಹೊಸ ಇನ್ಸ್‌ಪೆಕ್ಟರ್ ಬಂದಿದ್ದರು, ಅವರೂ ಹೊರಗೆ ಬಂದು ಕೈ ಮುಗಿದರು. ಮಧ್ಯಾಹ್ನ ಊಟದ ಹೊತ್ತಿಗೆ ಆಕೆ ಆದೇಶವನ್ನು ನನ್ನ ಮುಂದಿಟ್ಟರು.

"ಸಾಬೀತಾಗಿಲ್ಲ ಅಂದ್ರೆ ಏನಣ್ಣ? ಮಾಡಿರ್ಬೋದು, ಸಿಕ್ಕಿಲ್ಲ ಅಂತಾನಾ? ಸಾಹೇಬ್ರು ಕರೆದಿದ್ರು ಅಂತ ಎಲ್ಲೂ ಬರ್ದಿಲ್ವಲ್ಲ. ಮನೇಲಿ ಇದನ್ನ ತೋರಿಸಿ ಏನಂತ ಹೇಳ್ಲಿ?"

ನಾನು ಇಡೀ ಆದೇಶ ತಿರುವಿ ನೋಡಿದೆ. ನಿಜ, ಆ ಮಾತು ಎಲ್ಲೂ ಇರಲಿಲ್ಲ. ಇಲಾಖೆ ಬಹಳ ಜಾಗರೂಕತೆಯಿಂದ ಬರೆದಿತ್ತು.

ಮುಂದಿನ ತಿಂಗಳು, ದಿನಚರಿ ಖಾಲಿ ಬಿಟ್ಟದ್ದಕ್ಕೆ ನನಗೆ ನೋಟಿಸು ಬಂತು. ಈ ಸಲ ಸಿದ್ಧ ಉತ್ತರ ಹೊಡೆಯಲಿಲ್ಲ. ನಡೆದದ್ದನ್ನು ಒಂದೂವರೆ ಪುಟ ಕೈಯಲ್ಲೇ ಬರೆದೆ. ಸಹಾಯಕಳಾಗಿ ಬರುತ್ತೇನೆ ಎಂದು ಆಕೆ ಹಟ ಹಿಡಿದರು, ನನ್ನ ಕೇಸಿನಲ್ಲಿ ವಾದಿಸಲು ಏನೂ ಇಲ್ಲ ಎಂದೆ. ನನಗೆ ವಾಗ್ದಂಡನೆ ವಿಧಿಸಿದರು. ಸೇವಾ ಪುಸ್ತಕದಲ್ಲಿ ಅದನ್ನು ಏರಿಸಿ, ಓದಿದ್ದೇನೆ ಎಂದು ಸಹಿ ಹಾಕಲು ಡಿಸಿಪಿ ಕಚೇರಿಗೆ ಕರೆಸಿದರು. ಅಲ್ಲಿನ ಗುಮಾಸ್ತೆ ನನಗೆ ಪರಿಚಿತಳು. ಪುಟ ತಿರುವಿ ಬೇಜಾರು ಮಾಡಿಕೊಂಡಳು.

"ಒಂದು ಚುಕ್ಕೆನೂ ಇಲ್ದಿರೋ ಪುಸ್ತಕ ಸಾರ್ ಇದು. ಅಪೀಲ್ ಹಾಕಿ, ಟೈಮ್ ಇದೆ ಇನ್ನೂ. ಇಂಥ ಚಿಕ್ಕ ಶಿಕ್ಷೆನ ಅಪೀಲಲ್ಲಿ ತೆಗೆದುಹಾಕ್ತಾರೆ."

ನಾನು ಆ ನಮೂದನ್ನು ಓದಿದೆ: "ಮಹಿಳಾ ಹೆಡ್ ಕಾನ್‌ಸ್ಟೆಬಲ್‌ರವರನ್ನು ಆಸ್ಪತ್ರೆ ಕಾವಲಿನಿಂದ ಬಂದೋಬಸ್ತಿಗೆ ಕರೆಸಿಕೊಳ್ಳಲು ಠಾಣಾಧಿಕಾರಿಗಳು ನೀಡಿದ ಮೌಖಿಕ ಆದೇಶವನ್ನು ಠಾಣಾ ದಿನಚರಿಯಲ್ಲಿ ದಾಖಲಿಸದೆ ಕರ್ತವ್ಯಲೋಪವೆಸಗಿದ್ದು..."

ಆಕೆಯ ಆದೇಶದಲ್ಲಿ ಇಲ್ಲದ ಮಾತನ್ನು ಇಲಾಖೆ ಇಲ್ಲಿ ತನ್ನ ಕೈಯಾರೆ ಬರೆದು ಮೊಹರು ಹಾಕಿತ್ತು. ಅಪೀಲಿನಲ್ಲಿ ನಾನು ಗೆದ್ದರೆ ಈ ಸಾಲಿಗೇ ಕೆಂಪು ಗೆರೆ ಬೀಳುತ್ತದೆ.

"ಇರ್ಲಿ ಬಿಡಮ್ಮ, ಅಪೀಲ್ ಬೇಡ" ಎಂದೆ. ಸಹಿ ಹಾಕಿ, ಆ ಪುಟದ ಎರಡು ದೃಢೀಕೃತ ಪ್ರತಿಗೆ ಅರ್ಜಿ ಕೊಟ್ಟೆ.

"ಎರಡು ಯಾಕೆ ಸಾರ್?"

"ಒಂದು ನಂಗೆ. ಇನ್ನೊಂದು ಜಿಗಣೀಲಿ ಲೇತ್ ಓಡಿಸೋರೊಬ್ಬರಿಗೆ ತೋರಿಸ್ಬೇಕು."